ಪಚಾತಿ, ರಿಸ್ಕಾ, ಜನೇಲು: ನಮ್ಮ ಮನೆಯ ಮಾತು ತಪ್ಪಾ?

ಪ್ರಶ್ನೆ: ನನ್ನ ತವರು ಶಿರಸಿ ಹತ್ತಿರದ ಒಂದು ಹಳ್ಳಿ. ಮದುವೆಯಾಗಿ ಬಂದದ್ದು ಕಾರವಾರಕ್ಕೆ. ನಮ್ಮ ಮನೆಯಲ್ಲಿ ಒಬ್ಬೊಬ್ಬರದೂ ಒಂದೊಂದು ಮಾತು. ಅತ್ತೆಯವರ ಮನೆಮಾತು ಕೊಂಕಣಿ. ಕನ್ನಡ ಮಾತಾಡುವಾಗಲೂ ಕಿಟಕಿಗೆ 'ಜನೇಲು', ಬಕೆಟ್ಟಿಗೆ 'ಬಾಲ್ದಿ' ಅನ್ನುತ್ತಾರೆ. ನನ್ನ ಅಪ್ಪಯ್ಯನ ಬಾಯಲ್ಲಿ ರಿಕ್ಷಾ 'ರಿಸ್ಕಾ', ಫ್ರಿಜ್ 'ಪ್ರಿಜ್ಜು'. ಮಗಳು ಎರಡು ವರ್ಷದವಳಿದ್ದಾಗ ಚಪಾತಿಗೆ 'ಪಚಾತಿ' ಅಂದಳು. ಅವಳಿಗೀಗ 21. ನಾವೆಲ್ಲ ಇನ್ನೂ ಪಚಾತಿಯನ್ನೇ ಲಟ್ಟಿಸುತ್ತಿದ್ದೇವೆ. ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. 'ಆಸ್ರಿಗೆ ಎಂತ ಬೇಕು' ಅಂದಿದ್ದಕ್ಕೆ ರೂಮಿನ ಹುಡುಗರು ನಕ್ಕರಂತೆ. ಈಗ ಊರಿಗೆ ಬಂದಾಗಲೆಲ್ಲ ಎಲ್ಲರನ್ನೂ ತಿದ್ದುತ್ತಾನೆ. ಮೈದುನನ ಮಗನಿಗೆ ಐದು ವರ್ಷ. ಅವನಿಗೆ 'ರ' ಬರುವುದಿಲ್ಲ, ರಾಮನಿಗೆ 'ಲಾಮ' ಅನ್ನುತ್ತಾನೆ. ಇವೆಲ್ಲ ತಪ್ಪಾ? ತಿದ್ದಬೇಕಾ?

ಉತ್ತರ: ಮೊದಲು ಮಗನಿಗೆ ಹೇಳಿ, ತಿದ್ದುವುದನ್ನು ಸ್ವಲ್ಪ ದಿನ ನಿಲ್ಲಿಸಲಿ. ನೀವು ಬರೆದಿರುವುದು ಏಳು ಮಾತು. ಏಳರಲ್ಲಿ ಒಂದೂ ತಪ್ಪಲ್ಲ. ಒಂದಕ್ಕೆ ಮಾತ್ರ ತುಸು ಗಮನ ಬೇಕು, ಅದನ್ನು ಆಮೇಲೆ ಹೇಳುತ್ತೇನೆ.

ಹೊರಗಿನವರ ಕಿವಿಗೆ ಏಳೂ ಒಂದೇ ಥರ ಕೇಳುತ್ತವೆ. 'ಸರಿಯಾಗಿ ಹೇಳಲು ಬರುವುದಿಲ್ಲ' ಅಂದುಬಿಡುತ್ತಾರೆ. ಆದರೆ ಇವುಗಳ ಹುಟ್ಟು ಬೇರೆ ಬೇರೆ. ಆಸ್ರಿಗೆ ಇಡೀ ಸೀಮೆಯ ಮಾತು. ಜನೇಲು, ಬಾಲ್ದಿ ಹಡಗಿನಲ್ಲಿ ಬಂದ ಮಾತು. ರಿಸ್ಕಾ, ಪ್ರಿಜ್ಜು ನಾಲಿಗೆ ತನಗೆ ಒಗ್ಗುವಂತೆ ಮಾಡಿಕೊಂಡ ಮಾತು. ಲಾಮ ಇನ್ನೂ ಬೆಳೆಯುತ್ತಿರುವ ಮಾತು. ನಿಜವಾಗಿ ನಿಮ್ಮ ಮನೆಯದು ಅಂತ ಇರುವುದು ಪಚಾತಿ ಒಂದೇ. ಯಾವುದು ಯಾವುದು ಅಂತ ಗೊತ್ತಾದರೆ ನಿಮ್ಮ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ.

ಬೆಂಗಳೂರಿನ ರೂಮಿನಲ್ಲಿ ನಗು ತರಿಸಿದ 'ಆಸ್ರಿಗೆ'ಯಿಂದ ಶುರು ಮಾಡುತ್ತೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆಗೆ ಬಂದವರನ್ನು ಜಗಲಿಯಲ್ಲಿ ಕೂರಿಸಿ ಕೇಳುವ ಮೊದಲ ಮಾತು ಇದು. ಬೆಲ್ಲ ನೀರು, ಮಜ್ಜಿಗೆ, ಚಾ, ಏನಾದರೂ ಸರಿ. ಬಿಸಿಲಲ್ಲಿ ಬಂದವರ ದಣಿವು ಆರಬೇಕು, ಅಷ್ಟೇ. 'ಆಸರು' ಅಂದರೆ ದಣಿವು, ಬಾಯಾರಿಕೆ. ಹಳಗನ್ನಡದಲ್ಲಿ ಇದರ ರೂಪ 'ಆಸಱ್'. ಬೆಂಗಳೂರಿನವರಿಗೂ ಇದು ಪೂರ್ತಿ ಹೊಸದಲ್ಲ. 'ಆಸರ ಬೇಸರ' ಅಂತ ಜೋಡಿಯಾಗಿ ಹೇಳುತ್ತಾರಲ್ವಾ, ಅದರ ಮೊದಲ ಅರ್ಧ ಇದೇ. ಬೇರೆ ಕಡೆ ಬೇಸರ ಒಂಟಿಯಾಗಿಯೂ ಬದುಕಿತು, ಆಸರು ಆ ಜೋಡಿಯೊಳಗೆ ಸಿಕ್ಕಿಕೊಂಡಿತು. ಘಟ್ಟದ ಮೇಲೆ ಅದು ಇವತ್ತಿಗೂ ದಿನಕ್ಕೆ ನಾಲ್ಕು ಸಲ ಕೆಲಸಕ್ಕೆ ಬರುತ್ತದೆ. ನಿಮ್ಮ ಮಗ ತಪ್ಪು ಕನ್ನಡ ಆಡಲಿಲ್ಲ. ಹಳೆಯ ಕನ್ನಡ ಆಡಿದ.

ನಿಮ್ಮ ತವರಿನ ಹವ್ಯಕ ಕನ್ನಡದಲ್ಲಿ ಇಂಥದ್ದು ಇನ್ನೂ ಬೇಕಾದಷ್ಟಿದೆ. 'ಆನು' ಅಂದರೆ ನಾನು. ಬಸವಣ್ಣನವರ ವಚನಗಳಲ್ಲಿ 'ಆನು' ಇದೆ, ಓದುವಾಗ ಯಾರೂ ನಗುವುದಿಲ್ಲ. 'ಉಂಬಲೆ ಬಾ' (ಉಣ್ಣಲು ಬಾ), 'ಹೋಪನ' (ಹೋಗೋಣ) ಅನ್ನುತ್ತೀರಲ್ವಾ? ಹಳಗನ್ನಡದ ಉಂಬ, ತಿಂಬ, ಪೋಪ, ಬರ್ಪ ಎಂಬ ರೂಪಗಳು ಅಲ್ಲಿ ಉಸಿರಾಡುತ್ತಿವೆ. 'ಬರ್ಪ'ದ ರಕಾರ ಪಕ್ಕದ ಪಕಾರದಲ್ಲಿ ಕರಗಿ 'ಬಪ್ಪ' ಆಯಿತು. ಇದೂ ಉಡಾಫೆಯಿಂದ ಆದದ್ದಲ್ಲ. ಹಳಗನ್ನಡದ 'ಮರ್ದು' ಎಲ್ಲರ ಬಾಯಲ್ಲೂ 'ಮದ್ದು' ಆದದ್ದು ಇದೇ ದಾರಿಯಲ್ಲಿ. ಅಕ್ಕ ಬಂದಳು ಅನ್ನದೆ 'ಅಕ್ಕ ಬಂತು' ಅನ್ನುವುದಕ್ಕೂ ಅದರದೇ ವ್ಯಾಕರಣ ಇದೆ. ಡಿ.ಎನ್. ಶಂಕರ ಭಟ್ಟರು ಭಾಷಾವಿಜ್ಞಾನದ ದೊಡ್ಡ ವಿದ್ವಾಂಸರು. ಅವರು ಹವ್ಯಕ ಕನ್ನಡಕ್ಕೆಂದೇ ಒಂದು ವ್ಯಾಕರಣ ಬರೆದರು. ನಿಯಮವೇ ಇಲ್ಲದ ಮಾತಿಗೆ ವ್ಯಾಕರಣ ಬರೆಯಲು ಆಗುವುದಿಲ್ಲ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ನಾನು ಓದಿದ ಶಾಳೆಯಲ್ಲಿ, ಎರಡನೇ ಇಯತ್ತೆಯಲ್ಲಿ, ಪಕ್ಕದ ಹುಡುಗ ಹಾಜರಿ ಹೊತ್ತಿಗೆ ಏನೋ ಕೇಳಿದ್ದಕ್ಕೆ 'ಆನು ಬತ್ತಿ' ಅಂದ, ಅಂದರೆ 'ನಾನು ಬರುತ್ತೇನೆ'. ಮಾಸ್ತರು ಅವನನ್ನು ನಿಲ್ಲಿಸಿ ಅದೇ ಮಾತನ್ನು ಹತ್ತು ಸಲ ಹೇಳಿಸಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ವರ್ಷವಿಡೀ ಅವನು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಗೊತ್ತಿದ್ದ ಉತ್ತರವನ್ನೂ ನನ್ನ ಕಿವಿಯಲ್ಲಿ ಹೇಳಿ, ನಾನೇ ಎದ್ದು ಹೇಳುವಂತೆ ಮಾಡುತ್ತಿದ್ದ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮಾತು ತಿದ್ದಲು ಹೋದವರು ಮಗುವಿನ ಮಾತನ್ನೇ ನಿಲ್ಲಿಸಿದರು. ಮುಂದೆ ನಾನು ಭಾಷೆ ಕಲಿಸುವ ಕೆಲಸಕ್ಕೆ ಬಂದದ್ದಕ್ಕೆ ಆ ಹುಡುಗನೂ ಒಂದು ಕಾರಣ.

'ಶಾಳೆ' ಅಂತ ಬರೆದೆ, ನೋಡಿ. ಮೈಸೂರು ಕಡೆಯವರು ಇದನ್ನೂ ತಪ್ಪು ಅಂದಾರು. ಉತ್ತರ ಕನ್ನಡ 1862ರಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು, 1956ರಲ್ಲಿ ಈಚೆ ಬಂತು. ಅಷ್ಟು ವರ್ಷ ಸರ್ಕಾರದ ಕಾಗದ, ಶಾಲೆ, ಕಚೇರಿ ಎಲ್ಲದರಲ್ಲೂ ಮರಾಠಿಯ ಒಡನಾಟ. ಶಾಳೆ, ಇಯತ್ತೆ, ಸ್ಲೇಟಿಗೆ ಪಾಟಿ, ಸಂಬಳಕ್ಕೆ ಪಗಾರ, ಎಲ್ಲ ಆ ಕಾಲದ ಗುರುತು. ದಕ್ಷಿಣ ಕನ್ನಡ ಮದ್ರಾಸಿನ ಕಡೆಗೇ ಉಳಿಯಿತು. ಒಂದೇ ಕರಾವಳಿ, ಮಾತಿನಲ್ಲಿ ಎರಡು ದಿಕ್ಕು.

ಪಗಾರ ಅಂದಾಗ ನಿಮ್ಮ ಅತ್ತೆಯವರ ನೆನಪಾಯಿತು. ಅದರ ಬೇರು ಇನ್ನೂ ದೂರ ಹೋಗುತ್ತದೆ. ಪೋರ್ಚುಗೀಸ್ ಭಾಷೆಯಲ್ಲಿ 'ಪಗಾರ್' ಅಂದರೆ ಹಣ ಕೊಡುವುದು. 'ಜನೇಲಾ' ಅಂದರೆ ಕಿಟಕಿ. 'ಬಾಲ್ದೆ' ಅಂದರೆ ನೀರು ತುಂಬುವ ಬಕೆಟ್ಟು. ಗೋವಾ ಪೋರ್ಚುಗೀಸರ ಕೈಯಲ್ಲಿ ಇದ್ದದ್ದು 1510ರಿಂದ 1961ರವರೆಗೆ. ಕಾರವಾರದಿಂದ ಮಾಜಾಳಿ ದಾಟಿದರೆ ಗೋವಾ. ನೆಂಟಸ್ತಿಕೆ, ಮೀನಿನ ವ್ಯಾಪಾರ, ಜಾತ್ರೆ ಎಲ್ಲಕ್ಕೂ ಜನ ಆಚೀಚೆ ಓಡಾಡಿದರು, ಅವರ ಜೊತೆ ಮಾತೂ ಓಡಾಡಿತು. ಮೊಮ್ಮಕ್ಕಳು 'ಜನೇಲು' ಕೇಳಿ ಅಜ್ಜಿಗೆ 'ಚಾನೆಲ್' ಹೇಳಲು ಬರುವುದಿಲ್ಲ ಅಂದುಕೊಂಡರೂ ಆಶ್ಚರ್ಯವಿಲ್ಲ. ಅವರಿಗೆ ಇದನ್ನೂ ಹೇಳಿ: ನೀವು ಓದಲು ಕೂರುವ ಮೇಜು ಪೋರ್ಚುಗೀಸಿನ 'ಮೆಸಾ'. ಬಾಗಿಲಿನ ಚಾವಿ, ಪಲ್ಯದ ಬಟಾಟೆ, ಎಲ್ಲ ಅದೇ ದಾರಿಯಲ್ಲಿ ಬಂದವು. ಅಲಮಾರು ಕೂಡ. ಅದು ಮೂಲದಲ್ಲಿ 'ಅರ್ಮಾರಿಯು'. ಒಂದೇ ಪದದಲ್ಲಿ ಎರಡು 'ರ' ನಾಲಿಗೆಗೆ ಭಾರವಾಯಿತು, ಒಂದು 'ಲ' ಆಯಿತು. ಮೇಜು ಸರಿ, ಜನೇಲು ತಪ್ಪು ಅನ್ನಲು ಯಾವ ನ್ಯಾಯವೂ ಇಲ್ಲ. ಒಂದು ಪುಸ್ತಕದೊಳಗೆ ಬಂತು, ಇನ್ನೊಂದು ಕರಾವಳಿಯ ಮನೆಗಳಲ್ಲೇ ಉಳಿಯಿತು, ಅಷ್ಟೇ ವ್ಯತ್ಯಾಸ. 'ಕಿಟಕಿ'ಯಾದರೂ ಎಲ್ಲಿಯದು? ಹಿಂದಿಯ ಖಿಡಕಿಯ ನೆಂಟ.

ಈಗ ಅಪ್ಪಯ್ಯನ 'ಪ್ರಿಜ್ಜು'. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಪದ ಇದು. ಯಾಕೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಳಗನ್ನಡದಲ್ಲಿ ಪದಗಳು ವ್ಯಂಜನದಲ್ಲಿ ನಿಲ್ಲುತ್ತಿದ್ದವು. ನೀರ್, ಕಾಲ್, ಮೀನ್, ಕಣ್, ಕಲ್, ಪಲ್. ಬರಬರುತ್ತಾ ನಮ್ಮ ನಾಲಿಗೆಗೆ ಹಾಗೆ ಗಕ್ಕನೆ ನಿಲ್ಲುವುದು ಬೇಡವಾಯಿತು. ಕೊನೆಗೆ ಒಂದು 'ಉ' ಸೇರಿಸಿಕೊಂಡೆವು. ಆದರೆ ಹೇಗೆ ಸೇರಿಸಿದೆವು ನೋಡಿ. ಸ್ವರ ಉದ್ದ ಇದ್ದರೆ ಸುಮ್ನೆ 'ಉ': ನೀರು, ಕಾಲು, ಮೀನು. ಸ್ವರ ಗಿಡ್ಡ ಇದ್ದರೆ ವ್ಯಂಜನವನ್ನು ಒತ್ತಿ 'ಉ': ಕಣ್ಣು, ಕಲ್ಲು, ಹಲ್ಲು. ಇನ್ನು ಇಂಗ್ಲಿಷಿನಿಂದ ಬಂದ ಪದಗಳನ್ನು ಹಳಬರ ಬಾಯಲ್ಲಿ ಕೇಳಿ. ಕಾರ್ ಕಾರು ಆಗುತ್ತದೆ, ಕಾರ್ರು ಆಗುವುದಿಲ್ಲ. ಫೋನ್ ಫೋನು, ಗೇಟ್ ಗೇಟು. ಆದರೆ ಬಸ್ ಬಸ್ಸು, ಪೆನ್ ಪೆನ್ನು, ಕಪ್ ಕಪ್ಪು. ಅಪ್ಪಯ್ಯನಿಗೆ ಈ ನಿಯಮವನ್ನು ಯಾರೂ ಹೇಳಿಕೊಟ್ಟಿಲ್ಲ. ಫ್ರಿಜ್ ಮನೆಗೆ ಬಂದ ದಿನ, ಅದರ ಹೆಸರು ಮೊದಲ ಸಲ ಕಿವಿಗೆ ಬಿದ್ದಾಗ, ಅದರ ಸ್ವರ ಗಿಡ್ಡ ಅಂತ ಅವರ ನಾಲಿಗೆಗೆ ಗೊತ್ತಾಯಿತು. ಜಕಾರವನ್ನು ಒತ್ತಿದರು, 'ಉ' ಸೇರಿಸಿದರು. ನೂರಾರು ವರ್ಷದ ಹಿಂದೆ ಕಲ್ ಎಂಬುದು ಕಲ್ಲು ಆದ ಹಾಗೆಯೇ ಫ್ರಿಜ್ ಪ್ರಿಜ್ಜು ಆಯಿತು. ಇದಕ್ಕಿಂತ ಅಚ್ಚುಕಟ್ಟಾದ ಕನ್ನಡ ಯಾವುದಿದೆ?

'ಫ' ಹೋಗಿ 'ಪ' ಬಂದದ್ದೂ ಸಹಜ. ಇಂಗ್ಲಿಷಿನ ಆ ಧ್ವನಿ ಕನ್ನಡದ್ದಲ್ಲ. ಅದಕ್ಕೆ ನಾವು ಬರೆಯುವ 'ಫ' ಮೂಲದಲ್ಲಿ ಪಕಾರದ ಮಹಾಪ್ರಾಣ. ಹತ್ತಿರದ ಧ್ವನಿ ಪಕಾರವೇ, ಅದನ್ನೇ ಹಿಡಿದರು. ಮಹಾಪ್ರಾಣಗಳ ಕಥೆಯೂ ಹಾಗೆಯೇ, ಬರವಣಿಗೆಯಲ್ಲಿ ಇದ್ದಷ್ಟು ಮಾತಿನಲ್ಲಿ ಇಲ್ಲ.

ರಿಸ್ಕಾ ಬೇರೆ ಥರದ್ದು. ಅಲ್ಲಿ ಎರಡು ಧ್ವನಿ ಜಾಗ ಬದಲಿಸಿವೆ. ಡೆಸ್ಕ್ ಎಂಬುದು ಡೆಕ್ಸ್ ಆಗುವುದೂ ಇದೇ. ಇದನ್ನು ವರ್ಣಪಲ್ಲಟ ಅನ್ನುತ್ತಾರೆ. ಒಬ್ಬರ ಬಾಯಲ್ಲಿ ಆದರೆ ತಪ್ಪು ಅನ್ನುತ್ತೇವೆ, ಒಂದು ಇಡೀ ಭಾಷೆಯಲ್ಲಿ ಆದರೆ ಅದೇ ಸರಿ. ನಮ್ಮ 'ಎರಡು' ತೆಲುಗಿನಲ್ಲಿ 'ರೆಂಡು'. ಮೊದಲಿದ್ದ ಸ್ವರ ರಕಾರದ ಹಿಂದೆ ಹೋಯಿತು. ಇಂಗ್ಲಿಷಿನಲ್ಲಿ ಹಕ್ಕಿಗೆ ಈಗ 'ಬರ್ಡ್' ಅನ್ನುತ್ತಾರೆ, ಹಿಂದೆ ಅದು 'ಬ್ರಿಡ್' ಆಗಿತ್ತು. ಇಷ್ಟಕ್ಕೂ ಮಗ ಸರಿ ಅನ್ನುವ 'ರಿಕ್ಷಾ' ಎಷ್ಟು ಸರಿ? ಅದರ ಮೂಲ ಜಪಾನಿನ 'ಜಿನ್‌ರಿಕಿಶಾ'. ಜಿನ್ ಅಂದರೆ ಮನುಷ್ಯ, ರಿಕಿ ಅಂದರೆ ಬಲ, ಶಾ ಅಂದರೆ ಗಾಡಿ. ಮನುಷ್ಯನ ಬಲದಿಂದ ಓಡುವ ಗಾಡಿ. ಕಾಲ ಕಳೆದಂತೆ ಮುಂದಿನ 'ಜಿನ್' ಬಿದ್ದುಹೋಯಿತು, ನಡುವಿನ ಸ್ವರವೂ ಹೋಯಿತು, ಉಳಿದದ್ದು ರಿಕ್ಷಾ. ಅಪ್ಪಯ್ಯ ಅದನ್ನು ಇನ್ನೊಂದು ಹೆಜ್ಜೆ ಮುಂದೆ ತಂದರು.

ಹಾಗಾದರೆ ಸರಿ ಎಂಬುದೇ ಇಲ್ಲವಾ ಅಂತ ನೀವು ಕೇಳಬಹುದು. ಇದೆ. ಆದರೆ ಅದು ಒಂದು ಕಾಲದ, ಒಂದು ಜಾಗದ ಒಪ್ಪಂದ. ಪಂಪನ ಕಾಲದಲ್ಲಿ, ಅಂದರೆ 941ರ ಸುಮಾರಿಗೆ, ಹಾಲು 'ಪಾಲ್', ಹೂವು 'ಪೂ', ಹೋಗು 'ಪೋಗು'. ಆಗ ಯಾರಾದರೂ ಮೊದಲ ಸಲ 'ಹಾಲು' ಅಂದಾಗ ಕೇಳಿದವರಿಗೆ ಅದು ನಾಲಿಗೆ ಹೊರಳದವರ ಮಾತು ಅನ್ನಿಸಿರಬೇಕು. ಸುಮಾರು 1260ರಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜ 'ೞ' ಎಂಬ ಅಕ್ಷರ ಯಾವ ಯಾವ ಪದದಲ್ಲಿ ಬರಬೇಕು ಅಂತ ಪಟ್ಟಿಯನ್ನೇ ಕೊಡುತ್ತಾನೆ. ಜನ ಸರಿಯಾಗಿ ಹೇಳುತ್ತಿದ್ದರೆ ಪಟ್ಟಿ ಯಾಕೆ ಬೇಕಿತ್ತು? ಅವನ ಕಾಲಕ್ಕೇ ಆ ಧ್ವನಿ ಜಾರುತ್ತಿತ್ತು. ಪಟ್ಟಿಯಿಂದ ಅದು ಉಳಿಯಲಿಲ್ಲ. ಇವತ್ತು ಆ ಅಕ್ಷರವನ್ನು ಓದುವವರೇ ಕಡಿಮೆ. ಅದೇ ಕೇಶಿರಾಜ ಸಂಸ್ಕೃತದ ಪದಗಳು ಕನ್ನಡದಲ್ಲಿ ಹೇಗೆ ಬದಲಾದವು ಅನ್ನುವುದಕ್ಕೂ ಒಂದು ಅಧ್ಯಾಯ ಇಟ್ಟಿದ್ದಾನೆ. ವರ್ಣ ಬಣ್ಣ ಆಯಿತು, ಸಂಧ್ಯಾ ಸಂಜೆ ಆಯಿತು, ಯೋಗಿ ಜೋಗಿಯಾದ. ಸಂಜೆಗಿಂತ ಚಂದದ ಪದ ನನಗೆ ಗೊತ್ತಿಲ್ಲ. ಅದೂ ಯಾರದೋ ಬಾಯಲ್ಲಿ ಸವೆದು ಸವೆದೇ ಆದದ್ದು.

ಗಮನ ಬೇಕಾದದ್ದು ಒಂದು ಇದೆ ಅಂದೆನಲ್ಲ, ಅದು ಐದು ವರ್ಷದ ಹುಡುಗನ 'ಲಾಮ'. ಗಾಬರಿ ಬೇಡ. ಮಕ್ಕಳಿಗೆ ತುಟಿಯಲ್ಲಿ ಹುಟ್ಟುವ ಪ, ಬ, ಮ ಬೇಗ ಬರುತ್ತವೆ. ತುಟಿ ಮುಚ್ಚಿ ತೆರೆದರೆ ಸಾಕು. ಅಪ್ಪ, ಅಮ್ಮ, ಪಾಪು, ಮಮ್ಮು ಎಲ್ಲ ಅದಕ್ಕೇ ಹಾಗಿವೆ. ಮಕ್ಕಳು ಧ್ವನಿಗಳನ್ನು ಕಲಿಯುವುದಕ್ಕೆ ಒಂದು ಕ್ರಮ ಇದೆ ಅಂತ ರೋಮನ್ ಯಾಕಬ್ಸನ್ ಎಂಬ ಭಾಷಾವಿಜ್ಞಾನಿ 1941ರಲ್ಲೇ ಬರೆದಿದ್ದರು. 'ರ' ಆ ಸಾಲಿನಲ್ಲಿ ಹಿಂದೆ ನಿಲ್ಲುತ್ತದೆ. ನಾಲಿಗೆಯ ತುದಿ ಹಲ್ಲಿನ ಹಿಂದಿನ ಉಬ್ಬಿಗೆ ಚಕ್ಕನೆ ಬಡಿದು ಬಿಡಬೇಕು, ಆ ಹಿಡಿತ ಬರಲು ಸಮಯ ಬೇಕು. ಹೆಚ್ಚಿನ ಮಕ್ಕಳಿಗೆ ಆರೇಳು ವರ್ಷದೊಳಗೆ ಬರುತ್ತದೆ. ಅಲ್ಲಿಯವರೆಗೆ ನೆಂಟರ ಮುಂದೆ ನಿಲ್ಲಿಸಿ 'ರ ಅನ್ನು, ರ ಅನ್ನು' ಅಂತ ಹೇಳಿಸಬೇಡಿ. ಅವನು 'ಲಾಮ ಬಂದ' ಅಂದರೆ ನೀವು 'ಹೌದಾ, ರಾಮ ಬಂದನಾ?' ಅಂತ ಸಹಜವಾಗಿ ಹೇಳಿ. ಕಿವಿಗೆ ಸರಿಯಾದ ಧ್ವನಿ ಬೀಳುತ್ತಿರಲಿ, ಸಾಕು. ಏಳು ದಾಟಿದರೂ ಬಾರದಿದ್ದರೆ, ಅಥವಾ ಹೊರಗಿನವರಿಗೆ ಅವನ ಮಾತು ಜಾಸ್ತಿ ಅರ್ಥವಾಗದಿದ್ದರೆ, ಅಥವಾ ಹಿಂದಿನಿಂದ ಕರೆದಾಗ ತಿರುಗದಿದ್ದರೆ ತಡ ಮಾಡಬೇಡಿ. ಮೊದಲು ಕಿವಿ ತೋರಿಸಿ. ಕೇಳಿಸದ ಧ್ವನಿಯನ್ನು ಯಾವ ಮಗುವೂ ಆಡಲಾರದು. ಆಮೇಲೆ ಮಾತಿನ ಚಿಕಿತ್ಸೆ ನೀಡುವವರ ಹತ್ತಿರ ಹೋಗಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇರುವ ಸಂಸ್ಥೆ.

ಇನ್ನು ಪಚಾತಿ. ನಿಮ್ಮ ಮಗಳಿಗೆ ಎರಡು ವರ್ಷದಲ್ಲಿ ತುಟಿಯ 'ಪ' ಸುಲಭ, 'ಚ' ಸ್ವಲ್ಪ ಕಷ್ಟ. ಸುಲಭದ್ದನ್ನು ಮುಂದೆ ತಂದಳು. ಅಲ್ಲಿಯವರೆಗೆ ಇದು ಎಲ್ಲ ಮಕ್ಕಳ ಕಥೆ. ಆದರೆ ಆಮೇಲೆ ಆದದ್ದು ನಿಮ್ಮ ಮನೆಯಲ್ಲಿ ಮಾತ್ರ. ಅವಳು ಚಪಾತಿ ಅನ್ನಲು ಕಲಿತಳು, ನೀವು ಪಚಾತಿ ಬಿಡಲಿಲ್ಲ. ಒಬ್ಬೊಬ್ಬರಿಗೂ ಅವರದೇ ಆದ ಒಂದು ನುಡಿ ಇರುತ್ತದೆ, ಬೆರಳಚ್ಚಿನ ಹಾಗೆ. ಅಮೆರಿಕದ ಬರ್ನಾರ್ಡ್ ಬ್ಲಾಕ್ 1948ರಲ್ಲಿ ಇದಕ್ಕೆ 'ಇಡಿಯೊಲೆಕ್ಟ್' ಅಂತ ಹೆಸರಿಟ್ಟರು, ವ್ಯಕ್ತಿನುಡಿ ಅನ್ನೋಣ. ಹಾಗೆಯೇ ಒಂದೊಂದು ಮನೆಗೂ ಒಂದು ನುಡಿ ಇರುತ್ತದೆ. ಯಾವುದೋ ಮಗು ಹೇಳಿದ್ದು, ಯಾವುದೋ ನೆಂಟರು ಎಡವಿದ್ದು, ಯಾವುದೋ ಜಗಳದಲ್ಲಿ ಬಾಯಿಗೆ ಬಂದದ್ದು. ಹೊರಗಿನವರಿಗೆ ಅರ್ಥವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಅಡುಗೆಮನೆಯಲ್ಲಿ ನೀವು 'ಪಚಾತಿ ಎಷ್ಟು ಬೇಕು' ಅಂದಾಗ ಹಿಟ್ಟಿನ ಲೆಕ್ಕದ ಜೊತೆ ಎರಡು ವರ್ಷದ ಮಗಳೂ ಅಲ್ಲಿ ಬಂದು ಕೂರುತ್ತಾಳೆ, ಅಲ್ವಾ? ಚಪಾತಿ ಅಂದರೆ ಅವಳು ಬರುವುದಿಲ್ಲ.

ಮಗನ ವಿಷಯಕ್ಕೆ ಬರುತ್ತೇನೆ. ಅವನ ಕಷ್ಟ ನಿಜವಾದದ್ದು, ಸುಮ್ನೆ ತಳ್ಳಿಹಾಕಬೇಡಿ. ಹತ್ತೊಂಬತ್ತು ಇಪ್ಪತ್ತರಲ್ಲಿ ಹೊಸ ಊರಿನಲ್ಲಿ ನಗೆಪಾಟಲಾಗುವುದು ಸಣ್ಣ ನೋವಲ್ಲ. ಅಲ್ಲಿಯ ಕನ್ನಡವನ್ನು ಅವನು ಕಲಿಯಲಿ, ಅದರಲ್ಲಿ ಏನೂ ನಾಚಿಕೆಯಿಲ್ಲ. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ, ಕೆಲಸದ ಸಂದರ್ಶನದಲ್ಲಿ ಎಲ್ಲರಿಗೂ ತಿಳಿಯುವ ಕನ್ನಡ ಬೇಕು. ಡಾಕ್ಟರ ಹತ್ತಿರ ಹೋದಾಗಲೂ ಬೇಕು. ಔಷಧಿಯ ಹೆಸರು, ನೋವಿನ ಜಾಗ ಇವುಗಳನ್ನು ಹೇಳುವಾಗ ಮನೆಯ ಪದ ಇಟ್ಟುಕೊಂಡರೆ ಅಪಾಯ. ಆದರೆ ನಮ್ಮ ಜಿಲ್ಲೆಯವರಿಗೆ ಮಾತು ಬದಲಿಸುವುದು ಹೊಸದಲ್ಲ. ಕಾರವಾರದ ಪೇಟೆಯಲ್ಲಿ ಒಬ್ಬಳೇ ಹೆಂಗಸು ಮೀನಿನವಳ ಹತ್ತಿರ ಕೊಂಕಣಿ, ಬಸ್ಸಿನಲ್ಲಿ ಕನ್ನಡ, ಗೋವಾದ ನೆಂಟರ ಫೋನಿಗೆ ಇನ್ನೊಂದು ಥರದ ಕೊಂಕಣಿ ಆಡುತ್ತಾಳೆ. ಭಟ್ಕಳದಲ್ಲಿ ಮನೆಯಲ್ಲಿ ನವಾಯತಿ ಆಡುವವರು ಅಂಗಡಿಯಲ್ಲಿ ಕನ್ನಡ ಆಡುತ್ತಾರೆ. ಅವನಿಗೂ ಅದು ಬರುತ್ತದೆ. ಅಮ್ಮನ ಹತ್ತಿರ ಆಸ್ರಿಗೆ, ರೂಮಿನಲ್ಲಿ ಬೇಕಾದರೆ ಕುಡಿಯೋಕೆ. ಮುಂದಿನ ಸಲ ಯಾರಾದರೂ ನಕ್ಕರೆ 'ಆಸರ ಬೇಸರ'ದ ಕಥೆ ಹೇಳಲಿ.

ಕೊನೆಗೆ ನಿಮ್ಮ ಹತ್ತಿರ ಒಂದು ಕೆಲಸ ಕೇಳುತ್ತೇನೆ. ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರು ತಮ್ಮ ಹಾಲಕ್ಕಿ ಸಮುದಾಯದ ಹಾಡುಗಳನ್ನು ಬಾಯಿಂದ ಬಾಯಿಗೆ ಕಲಿತು ನೆನಪಿನಲ್ಲಿ ಇಟ್ಟುಕೊಂಡಿದ್ದರು. ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ಅವರು ತೀರಿಕೊಂಡರು. ಅಂಥವರ ಹಾಡನ್ನು ಬರೆದುಕೊಳ್ಳಲು ಜನ ಬಂದರು. ನಿಮ್ಮ ಅತ್ತೆಯವರ ಅಡುಗೆಮನೆಯ ಮಾತನ್ನು ಬರೆದುಕೊಳ್ಳಲು ಯಾರೂ ಬರುವುದಿಲ್ಲ, ನೀವೇ ಬರೆಯಬೇಕು. ನೂರು ಪುಟದ ಒಂದು ನೋಟ್‌ಬುಕ್ಕು ಸಾಕು. ಪದ, ಯಾರು ಹೇಳುತ್ತಾರೆ, ಎಲ್ಲಿಂದ ಬಂತು ಅಂತ ಅವರು ಹೇಳುತ್ತಾರೆ, ಮತ್ತು ಅವರು ಆಡಿದ ಒಂದು ಪೂರ್ತಿ ವಾಕ್ಯ. 'ನಿಮ್ಮ ಹಳೆಯ ಪದ ಹೇಳಿ' ಅಂತ ಕೇಳಿದರೆ ಯಾರಿಗೂ ನೆನಪಾಗುವುದಿಲ್ಲ. ಪಾತ್ರೆಗಳನ್ನು ಒಂದೊಂದಾಗಿ ಎತ್ತಿ ಹೆಸರು ಕೇಳಿ. ಮೀನಿನ ಹೆಸರು, ಮಳೆಯ ಥರ, ಅಕ್ಕಿಯ ಥರ ಕೇಳಿ. ಕೊಂಕಣಿಯ ಮೂಗಿನ ಸ್ವರ ಬರವಣಿಗೆಯಲ್ಲಿ ಸರಿಯಾಗಿ ಸಿಗುವುದಿಲ್ಲ, ಅದಕ್ಕೆ ಫೋನಿನಲ್ಲಿ ಧ್ವನಿಯನ್ನೂ ಹಿಡಿದಿಡಿ. ಈ ಕೆಲಸವನ್ನು ತಿದ್ದುವ ಮಗನಿಗೇ ಕೊಟ್ಟರೆ ಇನ್ನೂ ಒಳ್ಳೆಯದು.

ಮೊದಲ ಪುಟದಲ್ಲಿ ಪಚಾತಿ ಬರೆಯಿರಿ, ಮಗಳಿಗೆ ಎರಡು ತುಂಬಿದ ವರ್ಷವನ್ನೂ ಬರೆಯಿರಿ. ಯಾರು, ಯಾವಾಗ, ಯಾವ ಅಡುಗೆಮನೆಯಲ್ಲಿ ಮೊದಲ ಸಲ ಆಡಿದರು ಅಂತ ಇಷ್ಟು ಖಚಿತವಾಗಿ ಹೇಳಬಹುದಾದ ಪದಗಳು ಕನ್ನಡದಲ್ಲಿ ಜಾಸ್ತಿ ಇಲ್ಲ.